ದೇವರಿಲ್ಲದವರ ಮನೆಯಲ್ಲಿ ದೇವರ ಪೆಟ್ಟಿಗೆ

ಮೊನ್ನೆ ಸೊಸೆ ಜಗಳೂರಿನ ಸಂತೆಯಿಂದ ಒಂದು ಸೇರು ಅಂಟುವಾಳಕಾಯಿ ತಂದಳು. ಮೊಮ್ಮಗಳ ನಾಮಕರಣ ಹತ್ತಿರ ಬಂದಿತ್ತು. ಬೆಳ್ಳಿಯ ಬಟ್ಟಲು, ಕುಂಕುಮದ ಭರಣಿ, ದೀಪದ ಕಂಬ ಎಲ್ಲ ವರ್ಷಗಟ್ಟಲೆ ಟ್ರಂಕಿನಲ್ಲಿದ್ದು ಕಪ್ಪಾಗಿದ್ದವು. ಅಂಗಡಿಯ ಪುಡಿ ಹಾಕಿ ತಿಕ್ಕಿದರೆ ಬೆಳ್ಳಿ ಸವೆಯುತ್ತದೆ ಎಂದು ಯಾರೋ ಅವಳಿಗೆ ಹೇಳಿದ್ದರಂತೆ. ಹೇಳಿದವಳು ನಾನೇ ಎನ್ನುವುದನ್ನು ಅವಳು ಮರೆತಿದ್ದಳು. ನನ್ನ ಮಾತು ಊರಿನ ಮಾತಾಗಿಬಿಟ್ಟರೆ ಅತ್ತೆಯಾದವಳಿಗೆ ಅದಕ್ಕಿಂತ ಗೆಲುವು ಬೇಕೆ? ಕಾಯಿ ಬಿಸಿನೀರಿನಲ್ಲಿ ನೆನೆದು ನೊರೆ ಬಿಟ್ಟಿತು. ಆ ವಾಸನೆ ನಿಮಗೆ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಹೇಳುವುದು ಕಷ್ಟ. ಹುಳಿಯಲ್ಲ, ಒಗರಲ್ಲ, ಹಳೆಯ ಬೆಲ್ಲ ಸ್ವಲ್ಪ ಕೆಟ್ಟ ಹಾಗೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. "ಯಾಕ್ರಿ ಅತ್ತೆ, ತಲೆ ಸುತ್ತಿ ಬಂತಾ?" ಎಂದು ಅವಳು ಗಾಬರಿಯಾದಳು. ತಲೆ ಸುತ್ತಿ ಬಂದಿರಲಿಲ್ಲ. ಕೊಟ್ರಪ್ಪನವರ ನೆನಪು ಬಂದಿತ್ತು.

ಕೊಟ್ರಪ್ಪನವರು ತೀರಿಕೊಂಡು ಬಹಳ ವರ್ಷವಾಯಿತು. ಎಂಬತ್ತರ ದಶಕದಲ್ಲಿ ಗೋವಿನಕೋವಿ ಕಡೆಯ ಒಂದು ಊರಿನಲ್ಲಿ ನಾನು ಹೈಸ್ಕೂಲು ಟೀಚರಾಗಿದ್ದೆ. ಅವರ ಮನೆಯಲ್ಲಿ ಬಾಡಿಗೆಗೆ ಇದ್ದೆ. ಊರಿನ ಹೆಸರು ಬೇಡ, ಅಲ್ಲಿಯವರಿಗೆ ಹೇಗೂ ತಿಳಿಯುತ್ತದೆ. ಈಗ ಅದೆಲ್ಲ ನ್ಯಾಮತಿ ತಾಲ್ಲೂಕು. ಆಗ ಒಂದು ಸಹಿ ಬೇಕಾದರೂ ಹೊನ್ನಾಳಿಗೇ ಹೋಗಬೇಕಿತ್ತು. ನನ್ನ ತವರು ಚನ್ನಗಿರಿ. ಬಿ.ಎಡ್. ಮುಗಿಸಿ, ತಲೆಯ ತುಂಬ ಪೌರನೀತಿ ತುಂಬಿಕೊಂಡು, ಈ ದೇಶವನ್ನು ನನ್ನ ಕೈಗೆ ಕೊಟ್ಟರೆ ಎರಡು ವರ್ಷದಲ್ಲಿ ಸರಿಮಾಡಿಕೊಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ಬಸ್ಸಿಳಿದಿದ್ದೆ. ಪ್ರಜಾಪ್ರಭುತ್ವ ಎಂದರೇನು, ಸಮಾಜವಾದ ಎಂದರೇನು, ಸಿದ್ಧಾಂತ ಎಂದರೇನು, ಎಲ್ಲಕ್ಕೂ ಎರಡೆರಡು ಸಾಲಿನ ಉತ್ತರ ನನ್ನ ಬಳಿ ಇತ್ತು. ಎರಡು ಅಂಕದ ಪ್ರಶ್ನೆಗೆ ಎರಡು ಸಾಲು ಧಾರಾಳವಾಗಿ ಸಾಕು.

ಕೊಟ್ರಪ್ಪನವರದು ಹಿಟ್ಟಿನ ಗಿರಣಿ. ಆದರೆ ಊರಿನವರು ಅವರನ್ನು ಗಿರಣಿ ಕೊಟ್ರಪ್ಪ ಎನ್ನುತ್ತಿರಲಿಲ್ಲ, ದೇವರಿಲ್ಲದ ಕೊಟ್ರಪ್ಪ ಎನ್ನುತ್ತಿದ್ದರು. ಬೈಗುಳವೇನಲ್ಲ. ಕೆಲವರಿಗೆ ಮೀಸೆ ಇರುವುದಿಲ್ಲ, ಕೆಲವರಿಗೆ ಮಕ್ಕಳಿರುವುದಿಲ್ಲ, ಇವರಿಗೆ ದೇವರಿಲ್ಲ, ಹಾಗೆ. ಅವರ ಕೊರಳಲ್ಲಿ ಲಿಂಗವಿರಲಿಲ್ಲ. ಹಣೆಯಲ್ಲಿ ವಿಭೂತಿ ಇರಲಿಲ್ಲವಾದರೂ ಗಿರಣಿಯ ಹಿಟ್ಟು ಯಾವಾಗಲೂ ಹತ್ತಿರುತ್ತಿತ್ತು. ಪರಊರಿನವರು ಅದನ್ನೇ ವಿಭೂತಿ ಎಂದುಕೊಂಡು ಶರಣು ಶರಣಾರ್ಥಿ ಎಂದು ಕೈಮುಗಿಯುತ್ತಿದ್ದರು. ಇವರು ತಿದ್ದಲು ಹೋಗದೆ, ನಕ್ಕು ತಾವೂ ಕೈಮುಗಿಯುತ್ತಿದ್ದರು. ನಾನು ಮನೆ ಕೇಳಲು ಹೋದ ದಿನ ಮೊದಲು ಹೇಳಿದ ಮಾತೇ ಇದು: "ನೋಡ್ರಿ ಟೀಚರಮ್ಮ, ಈ ಮನೇಲಿ ಪೂಜೆ ನಮ್ಮ ಗೌರವ್ವ ಮಾಡ್ತಾಳೆ. ನೀವೂ ಮಾಡ್ಕಳ್ರಿ. ನನ್ನನ್ನ ಮಾತ್ರ ಕರೀಬ್ಯಾಡ್ರಿ. ನಾನೂ ನಿಮ್ಮನ್ನ ಬಿಡ್ರಿ ಅನ್ನಾಕಿಲ್ಲ." ಅವರ ಹೆಂಡತಿ ಗೌರವ್ವ ದಿನಕ್ಕೆರಡು ಸಲ ಪೂಜೆ ಮಾಡಿ, ಗಂಡನ ಪಾಲಿನ ನಮಸ್ಕಾರವನ್ನೂ ತಾವೇ ಹಾಕಿ ಏಳುತ್ತಿದ್ದರು. "ಅವರ ಬಾಕಿ ನನ್ನ ತಲೆ ಮ್ಯಾಲೆ ಐತೆ ನೋಡಮ್ಮ" ಎಂದು ಸೊಂಟ ಹಿಡಿದುಕೊಂಡು ನನ್ನ ಮುಂದೆ ದೂರುತ್ತಿದ್ದರು.

ಇಂಥವರ ಮನೆಯ ನಡುಕೋಣೆಯಲ್ಲಿ ಊರ ಈಶ್ವರ ದೇವರ ಒಡವೆಯ ಪೆಟ್ಟಿಗೆ ಇತ್ತು ಎಂದರೆ ನೀವು ನಂಬುವುದಿಲ್ಲ. ಮೊದಲ ದಿನ ನಾನೂ ನಂಬಲಿಲ್ಲ. ಬೇಳೆಯ ಪೆಟ್ಟಿಗೆಯಿರಬೇಕು ಎಂದುಕೊಂಡು ಅದರ ಮೇಲೆ ಕೂತು ಕಾಫಿ ಕುಡಿದಿದ್ದೆ. ಕಬ್ಬಿಣದ ಪಟ್ಟಿ ಹೊಡೆದ ಬೀಟೆ ಮರದ ಪೆಟ್ಟಿಗೆ. ಒಳಗೆ ದೇವರ ಬೆಳ್ಳಿಯ ಮುಖ, ಹೆಡೆಯೆತ್ತಿದ ನಾಗಾಭರಣ, ಒಂದು ಕೊಡೆ. ಆ ಊರಿನಲ್ಲಿ ಮೇಲಿನ ಕೇರಿ, ಕೆಳಗಿನ ಕೇರಿ ಎಂದು ಎರಡು ಕೇರಿ, ದೇವರು ಒಬ್ಬನೇ. ಹಿಂದೆ ಪೆಟ್ಟಿಗೆ ಒಂದು ವರ್ಷ ಆ ಕೇರಿ, ಒಂದು ವರ್ಷ ಈ ಕೇರಿ ಎಂದು ತಿರುಗುತ್ತಿತ್ತಂತೆ. ಪ್ರತಿ ಸಲ ಕೈ ಬದಲಾಗುವಾಗ ಜಗಳ: ನಾಗನ ಹೆಡೆ ಬಗ್ಗಿದೆ, ಮುಖ ತೆಳ್ಳಗಾಗಿದೆ, ಯಾರೋ ತಮ್ಮ ಮನೆಯ ಮದುವೆಗೆಂದು ಹೊರಗೆ ತೆಗೆದು ಪೂಜೆ ಮಾಡಿಕೊಂಡಿದ್ದಾರೆ. ತಲೆ ಒಡೆದು ಹೊನ್ನಾಳಿ ಆಸ್ಪತ್ರೆಯವರೆಗೂ ಹೋದದ್ದುಂಟಂತೆ. ಎಪ್ಪತ್ತರ ದಶಕದ ಒಂದು ಪಂಚಾಯ್ತಿಯಲ್ಲಿ ಮೇಲಿನ ಕೇರಿಯ ಹಿರಿಯರಾದ ಗೌಡ್ರಜ್ಜ ಎದ್ದುನಿಂತು, "ದೇವರ ಹತ್ರ ಏನೂ ಬೇಡದ ಮನುಷ್ಯ ಈ ಊರಾಗೆ ಒಬ್ಬನೇ ಅದಾನೆ. ಅವನ ಮನೇಲಿ ಇಡ್ರಿ" ಎಂದರಂತೆ. ಎರಡೂ ಕೇರಿಯವರು ಒಪ್ಪಿ ಒಂದು ಷರತ್ತು ಹಾಕಿದರು: ಕೀಲಿಕೈ ಯಾವ ಕಡೆಗೂ ಸೇರದವನ ಹತ್ತಿರ ಇರತಕ್ಕದ್ದು, ಶ್ರಾವಣದ ಸೋಮವಾರಗಳಲ್ಲದೆ ಪೆಟ್ಟಿಗೆ ತೆಗೆಯತಕ್ಕದ್ದಲ್ಲ. ಕೊಟ್ರಪ್ಪನವರೂ ಹೂಂ ಎಂದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ನಾನು ಹೋಗುವ ಹೊತ್ತಿಗೆ ಅದು ಅಲ್ಲಿಗೆ ಸೇರಿ ಹತ್ತು ವರ್ಷವೇ ಕಳೆದಿತ್ತು. ಒಂದು ದಿನವೂ ತಕರಾರು ಬಂದಿರಲಿಲ್ಲ.

ಶ್ರಾವಣದ ಸೋಮವಾರ ಬೆಳಿಗ್ಗೆ ಗಿರಣಿಗೆ ರಜೆ. ಎರಡು ಕೇರಿಯಿಂದ ಒಬ್ಬೊಬ್ಬರು ಬಂದು ಕೂತ ಮೇಲೆ ಕೊಟ್ರಪ್ಪನವರು ಪೆಟ್ಟಿಗೆ ತೆಗೆದು, ಅಂಟುವಾಳದ ನೀರಿನಲ್ಲಿ ಬೆಳ್ಳಿಯ ಮುಖ ತೊಳೆಯುತ್ತಿದ್ದರು. ಹಳೆಯ ಪಂಚೆಯ ಮೆತ್ತನೆಯ ಚೂರು, ಸಂದುಗೊಂದಿಗೆ ಬೇವಿನ ಕಡ್ಡಿಗೆ ಸುತ್ತಿದ ಹತ್ತಿ. ಕಿವಿಯ ಒಳಗೆ, ಮೂಗಿನ ಮಗ್ಗುಲಲ್ಲಿ, ಮೀಸೆಯ ಗೀರುಗಳಲ್ಲಿ ಅವರ ಕೈ ಹೋಗುವುದನ್ನು ನೋಡಬೇಕಿತ್ತು. ನಾನು ನನ್ನ ಮಗನಿಗೆ ಎಣ್ಣೆ ನೀರು ಹಾಕುವಾಗಲೂ ಅಷ್ಟು ತಾಳ್ಮೆಯಿಂದ ಹಾಕಿದವಳಲ್ಲ. ತೊಳೆದಾದ ಮೇಲೆ ಗುಡಿಯ ಬಾಗಿಲತನಕ ತಾವೇ ಹೊತ್ತುಕೊಂಡು ಹೋಗಿ ಪೂಜಾರಿಯ ಕೈಗೆ ಕೊಟ್ಟು, ಒಳಗೆ ಕಾಲಿಡದೆ ಹಿಂದಿರುಗುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟೆ: "ನಂಬದವರು ಇಷ್ಟು ಯಾಕೆ ತಿಕ್ಕುತ್ತೀರಿ?" ಅವರು ತಲೆ ಎತ್ತದೆ ಹೇಳಿದರು: "ನಂಬಿದೋರ ಸಾಮಾನು ಟೀಚರಮ್ಮ. ನನ್ನದಾಗಿದ್ರೆ ಹೆಂಗೋ ಬಿಟ್ಟಿರ್ತಿದ್ದೆ."

ಹೀಗಿರುವಾಗ ಮಂಡಲ ಪಂಚಾಯ್ತಿ ಚುನಾವಣೆ ಬಂತು. ಅಲ್ಲಿಯವರೆಗೆ ಗೋಡೆಗಳ ಮೇಲೆ ಮಾತ್ರ ಇದ್ದ ರಾಜಕೀಯ ಮನೆಗಳ ಒಳಗೆ ಬಂತು. ಅಣ್ಣ ಒಂದು ಪಕ್ಷ, ತಮ್ಮ ಒಂದು ಪಕ್ಷ. ಮೇಲಿನ ಕೇರಿಯಿಂದ ಒಬ್ಬರು ನಿಂತರು. ಕೆಳಗಿನ ಕೇರಿಯಿಂದ ಶೇಖರಪ್ಪ ನಿಂತ. ಶೇಖರಪ್ಪ ಶಿವಮೊಗ್ಗದಲ್ಲಿ ಲಾ ಓದಿ ಬಂದ ಹುಡುಗ, ಮಾತಿನ ಮಲ್ಲ. ಯಾರ ಓಟು ಯಾರಿಗೆ ಎಂಬುದೇ ತಿಳಿಯದಂತಾದಾಗ ಎರಡು ಕಡೆಯವರಿಗೂ ಒಂದೇ ಯೋಚನೆ ಹೊಳೆಯಿತು: ದೇವರ ಬೆಳ್ಳಿಯ ಮುಖವನ್ನು ಹೊರಗೆ ತರಿಸಿ, ಅದನ್ನು ಮುಟ್ಟಿಸಿ ಓಟಿನ ಆಣೆ ಹಾಕಿಸಿಕೊಳ್ಳುವುದು. ಮುಟ್ಟಿ ಆಣೆ ಹಾಕಿದವನು ಆಮೇಲೆ ತಪ್ಪಿಯಾನೇ? ಮೊದಲು ಮೇಲಿನ ಕೇರಿಯವರು ಬಂದು ಕೇಳಿದರು. ಕೊಟ್ರಪ್ಪನವರು "ಶ್ರಾವಣ ಅಲ್ವಲ್ಲ" ಎಂದರು. ಮಾರನೆಯ ದಿನ ಶೇಖರಪ್ಪ ಬಂದ. ಅವನಿಗೂ ಅದೇ ಉತ್ತರ. ಮೇಲಿನ ಕೇರಿಯವರು ಗೊಣಗಿಕೊಂಡು ಸುಮ್ಮನಾದರು. ಶೇಖರಪ್ಪ ಸುಮ್ಮನಾಗಲಿಲ್ಲ. ಓದಿದವನಲ್ಲವೇ, ಷರತ್ತಿನಲ್ಲೇ ಸಂದು ಹುಡುಕಿದ.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಶಾಲೆಯ ಜಗುಲಿಯ ಮೇಲೆ ಪಂಚಾಯ್ತಿ ಸೇರಿತು. ಚಳಿಗಾಲ, ಬಿಸಿಲು ಹಿತವಾಗಿತ್ತು, ಜನ ಜಾಸ್ತಿ. ಮಧ್ಯೆ ಕಂಬಳಿ ಹಾಸಿ ಹಿರಿಯರನ್ನು ಕೂರಿಸಿದ್ದರು. ಶೇಖರಪ್ಪ ಎದ್ದು ಕೋರ್ಟಿನಲ್ಲಿ ವಾದಿಸುವಂತೆಯೇ ವಾದಿಸಿದ: "ನಮ್ಮ ಹಿರೇರು ಕೀಲಿ ಕೊಡೋವಾಗ ಏನಂದಿದ್ರು? ಯಾವ ಕಡೆಗೂ ಸೇರದೋನ ಹತ್ರ ಇರ್ಲಿ ಅಂದಿದ್ರು. ನಾಸ್ತಿಕವಾದ ಅನ್ನೋದೂ ಒಂದು ಸಿದ್ಧಾಂತ ಐತೆ. ಅದಕ್ಕೂ ಪುಸ್ತಕ ಅದಾವೆ, ಅದರ ಮ್ಯಾಲೆ ಭಾಷಣ ಮಾಡೋರು ಅದಾರೆ, ರಾಜಕೀಯ ಮಾಡೋರೂ ಅದಾರೆ. ಸಿದ್ಧಾಂತ ಇದ್ದೋನಿಗೆ ಕಡೆ ಇದ್ದೇ ಇರ್ತದೆ. ನಾವು ದೇವರ ಮುಂದೆ ಆಣೆ ಮಾಡ್ತೀವಿ ಅಂದ್ರೆ ಇವರು ಬ್ಯಾಡ ಅಂದ್ರಲ್ಲ, ಅದೇ ಇವರ ಕಡೆ. ಷರತ್ತು ಮುರೀತು. ಕೀಲಿ ಕೆಳಗಿಡ್ಲಿ."

ಜನ ಗುಜುಗುಜು ಎಂದರು. ಮಾತು ತಪ್ಪು ಎನ್ನುವುದಕ್ಕೂ ಆಗುತ್ತಿಲ್ಲ, ಸರಿ ಎನ್ನುವುದಕ್ಕೂ ಮನಸ್ಸಿಲ್ಲ. ಆಗ ಗೌಡ್ರಜ್ಜ ಕೋಲೂರಿ ನಕ್ಕರು: "ಏ ತಮ್ಮ, ಕೊಟ್ರನ ಹತ್ರ ಸಿದ್ಧಾಂತ ಎಲ್ಲಿಂದ ಬಂತೋ? ನಮ್ಮ ಹತ್ರ ಇರೋದು ಅವನ ಹತ್ರ ಇಲ್ಲ, ಅಷ್ಟೇ ಅಲ್ಲೇನೋ? ಖಾಲಿ ಚೀಲ ಯಾವ ಕಡೆ ವಾಲ್ತದೆ ಹೇಳು?" ಎಲ್ಲರೂ ಗೊಳ್ಳೆಂದರು. ಕೊಟ್ರಪ್ಪನವರು ಕಂಬಳಿಯ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದರು. ಅವರು ನಗಲಿಲ್ಲ. ನಾನದನ್ನು ಗಮನಿಸಿದೆ, ಆದರೆ ಯಾಕೆಂದು ಯೋಚಿಸಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಯಾರೋ "ಪೌರನೀತಿ ಟೀಚರಮ್ಮ ಇಲ್ಲೇ ಅದಾರಲ್ಲ, ಅವರ ಪುಸ್ತಕದಾಗೆ ಏನೈತೆ ಕೇಳ್ರಿ" ಎಂದಿದ್ದರು. ಇಡೀ ಊರು ನನ್ನ ಕಡೆ ತಿರುಗಿತ್ತು. ಇಪ್ಪತ್ತಾರು ವರ್ಷದ ಟೀಚರಿಗೆ ಇನ್ನೇನು ಬೇಕು ಹೇಳಿ?

ನನಗೆ ಕೊಟ್ರಪ್ಪನವರನ್ನು ಉಳಿಸಬೇಕಿತ್ತು. ಆ ಕೀಲಿ ಅವರ ಮರ್ಯಾದೆ. ಅದನ್ನು ಎಲ್ಲರೆದುರು ಬಿಚ್ಚಿಸಿಕೊಂಡರೆ, ದೇವರಿಲ್ಲದವನನ್ನು ನಂಬಿದ್ದೇ ತಪ್ಪಾಯಿತು ಎಂದು ಊರೇ ಹೇಳಿದಂತೆ. ಸೆರಗು ಸರಿಮಾಡಿಕೊಂಡು ಎದ್ದೆ. ಸಿದ್ಧಾಂತ ಎಂದರೆ ಸಮಾಜ ಹೀಗಿರಬೇಕು, ಸರ್ಕಾರ ಹೀಗೆ ನಡೆಯಬೇಕು ಎಂದು ಹೇಳುವ ಒಂದು ಕಟ್ಟು. ದೇವರಿಲ್ಲ ಎನ್ನುವುದರಲ್ಲಿ ಭೂಮಿ ಯಾರಿಗೆ ಹಂಚಬೇಕು, ಕಂದಾಯ ಎಷ್ಟು ಹಾಕಬೇಕು ಎಂದೇನಾದರೂ ಬರುತ್ತದೆಯೇ ಎಂದು ಕೇಳಿದೆ. ಅದು ಬರೀ ಒಂದು ಇಲ್ಲ, ಅಷ್ಟೇ ಎಂದೆ. ಕೊನೆಗೆ ನನ್ನ ಬಾಣ ಬಿಟ್ಟೆ: "ಉಪವಾಸವನ್ನು ಒಂದು ಅಡುಗೆ ಎನ್ನುತ್ತೀರಾ?" ಜನ ಚಪ್ಪಾಳೆ ಹೊಡೆದರು. ಗೌಡ್ರಜ್ಜ, "ತೀರ್ತು, ಏಳ್ರಿನ್ನ" ಎಂದರು. ನಾನು ಗೆದ್ದಿದ್ದೆ. ಈಗಲೂ ಒಪ್ಪಿಕೊಳ್ಳುತ್ತೇನೆ, ಆ ಕ್ಷಣದಲ್ಲಿ ನನಗೆ ನನ್ನ ಮೇಲೆ ಬಹಳ ಪ್ರೀತಿ ಬಂದಿತ್ತು.

ಆಗ ಕೊಟ್ರಪ್ಪನವರು ಎದ್ದು ನಿಂತರು. ಗಿರಣಿಯ ಸದ್ದಿನಲ್ಲಿ ಬದುಕಿದವರು, ಮಾತಾಡಿದರೆ ಸ್ವಲ್ಪ ಜೋರಾಗಿಯೇ ಮಾತಾಡುವವರು. ಅವತ್ತು ಮೆಲ್ಲಗೆ ಮಾತಾಡಿದರು. ಕೇಳಿಸಲೆಂದು ಎಲ್ಲರೂ ಮುಂದಕ್ಕೆ ಸರಿದರು.

"ಟೀಚರಮ್ಮ ನನ್ನ ಉಳಿಸಾಕೆ ಅಂತ ಹೇಳಿದ್ರು. ಅವರಿಗೆ ಶರಣು. ಉಪವಾಸ ಅಡಿಗೆ ಅಲ್ಲ, ನಿಜ. ಆದ್ರೆ ಉಣ್ಣಾಕೆ ಇಲ್ದೆ ಹಸಕಂಡಿರೋದು ಬ್ಯಾರೆ, ಉಪವಾಸ ಇರೋದು ಬ್ಯಾರೆ. ಉಪವಾಸ ಇರೋನು ದಿನಾ ಬೆಳಿಗ್ಗೆ ಎದ್ದು ಇರ್ತೀನಿ ಅಂತ ಇರಬೇಕು. ಗೌಡ್ರಜ್ಜ ನನ್ನ ಖಾಲಿ ಚೀಲ ಅಂದ. ನಾನು ಖಾಲಿ ಅಲ್ಲ ಅಜ್ಜ." ಗೌಡ್ರಜ್ಜನಿಂದ ಜನರ ಕಡೆ ತಿರುಗಿದರು. "ನಮ್ಮಪ್ಪ ನನ್ನ ಕೂಡ ಒಂಬತ್ತು ವರ್ಷ ಮಾತು ಬಿಟ್ಟಿದ್ದ, ನಿಮಗೆಲ್ಲ ಗೊತ್ತೈತೆ. ಸಾಯೋವಾಗ ಬಾಯಿಗೆ ನೀರು ಬಿಡಾಕೆ ನನ್ನ ಕರೀಲಿಲ್ಲ, ತಮ್ಮನ ಕೈಲಿ ಬಿಡಿಸ್ಕಂಡ. ನಾನು ಬಾಗಿಲಾಚೆ ನಿಂತಿದ್ದೆ. ನಂಬ್ತೀನಪ್ಪಾ ಅಂತ ಒಂದು ಸುಳ್ಳು ಹೇಳಿದ್ರೆ ಒಳಗೆ ಹೋಗಬಹುದಿತ್ತು. ಹೇಳಾಕೆ ಆಗ್ಲಿಲ್ಲ. ಈಗ ನೀವೆಲ್ಲ ಸೇರಿ, ಅದು ಏನೂ ಅಲ್ಲ, ಬರೀ ಇಲ್ಲ ಅಂತ ತೀರ್ಮಾನ ಮಾಡಿದ್ರೆ, ನಾನು ಅವತ್ತು ಏನಕ್ಕೆ ಆಚೆ ನಿಂತೆ?"

ಅವರು ಮುಂದುವರಿಸಿದರು: "ಸಿದ್ಧಾಂತ ಅಂತ ಶೇಖರಪ್ಪ ಅಂದ. ನನಗೆ ಅದು ದೊಡ್ಡ ಮಾತು. ನನ್ನಂಗೆ ಆಗ್ರಿ ಅಂತ ನಾನು ಯಾರಿಗೂ ಹೇಳಿಲ್ಲ, ಅದರ ಮ್ಯಾಲೆ ಓಟು ಕೇಳೋದೂ ಇಲ್ಲ. ಪೆಟ್ಟಿಗೆ ಕೊಡಲ್ಲ ಅಂದಿದ್ದು ಷರತ್ತಿಗೆ, ನನ್ನ ನಂಬಿಕೆಗಲ್ಲ. ಆದ್ರೆ ಎದಿಯಾಗೆ ಒಂದು ಇಟ್ಕಂಡ ಮ್ಯಾಲೆ ಅದೂ ಒಂದು ಕಡೆನೇ. ಯಾವ ಕಡೆಗೂ ಇಲ್ಲದೋನ ಹತ್ರ ಅಂತ ಅವತ್ತು ಅಂದಾಗ ನಾನೂ ಹೂಂ ಅಂದಿದ್ದೆ. ಯೋಚನೆ ಮಾಡ್ದೆ ಅಂದಿದ್ದೆ, ತಪ್ಪು ನಂದು. ತಗಳ್ರಿ." ಉಡಿದಾರದಿಂದ ಕೀಲಿ ಬಿಚ್ಚಿ ಕಂಬಳಿಯ ಮೇಲಿಟ್ಟು, ಚಪ್ಪಲಿ ಮೆಟ್ಟಿ ಗಿರಣಿಯ ಕಡೆ ನಡೆದರು.

ಅಂಥದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ದೇವರಿಗಾಗಿ ಮನೆಮಠ ಬಿಟ್ಟವರ ಕಥೆ ಕೇಳಿ ಬೆಳೆದವಳು ನಾನು. ಒಂದು ಇಲ್ಲ ಎಂಬ ಮಾತಿಗಾಗಿ ಒಬ್ಬ ಮನುಷ್ಯ ಮೊದಲು ತಂದೆಯನ್ನು, ಈಗ ಊರು ಕೊಟ್ಟ ಮರ್ಯಾದೆಯನ್ನು ಬಿಟ್ಟುಕೊಟ್ಟದ್ದನ್ನು ಕಣ್ಣಾರೆ ಕಂಡೆ. ಸುಮ್ಮನಿದ್ದಿದ್ದರೆ ಕೀಲಿ ಅವರದೇ. ಗೆಲ್ಲಿಸಿಕೊಟ್ಟಿದ್ದೆನಲ್ಲ ನಾನು! ಎರಡು ಸಾಲಿನ ನನ್ನ ಉತ್ತರದ ಬಗ್ಗೆ ನಾಚಿಕೆಯಾಯಿತು. ಕೀಲಿ ಕಂಬಳಿಯ ಮೇಲೆ ಬಿದ್ದೇ ಇತ್ತು. ಮೇಲಿನ ಕೇರಿಯವರು ಎತ್ತಿಕೊಳ್ಳಲಿಲ್ಲ. ಕೇಳಿದವನು ಶೇಖರಪ್ಪ, ಅವನೂ ಕೈ ಚಾಚಲಿಲ್ಲ. ತನ್ನ ಕಾಲಬೆರಳು ನೋಡುತ್ತ ನಿಂತಿದ್ದ. ಬಹಳ ಹೊತ್ತಾದ ಮೇಲೆ ಗೌಡ್ರಜ್ಜ, "ಟೀಚರಮ್ಮಗೆ ಕೊಡ್ರಿ. ಅವರು ಪರಊರಿನೋರು, ಇಲ್ಲಿ ಓಟೂ ಇಲ್ಲ, ಕೇರಿನೂ ಇಲ್ಲ. ಪೆಟ್ಟಿಗೆ ಅಲ್ಲೇ ಇರ್ಲಿ" ಎಂದರು. ನಾಚಿಕೆಯಾಗಿತ್ತು ಎಂದೆನಲ್ಲ, ಕೀಲಿ ಕೈಗೆ ಬರುತ್ತಲೇ ಅದು ಮಾಯವಾಯಿತು. ಕೊರಳ ಸರಕ್ಕೆ ಕೀಲಿ ಪೋಣಿಸಿಕೊಂಡು ಓಡಾಡಿದೆ.

ಚುನಾವಣೆ ಬೆಳ್ಳಿಯ ಮುಖ ಮುಟ್ಟದೆಯೇ ಮುಗಿಯಿತು. ಶೇಖರಪ್ಪ ಗೆದ್ದ. ಕೊಟ್ರಪ್ಪನವರು ಏನೂ ಆಗದವರಂತೆ ಜೋಳ ಬೀಸಿದರು. ಕೀಲಿ ನನ್ನ ಬಳಿ, ಪೆಟ್ಟಿಗೆ ಅವರ ನಡುಕೋಣೆಯಲ್ಲಿ. ಹೀಗೆ ಆರು ತಿಂಗಳು ನಡೆಯಿತು.

ಇನ್ನು ಮುಂದಿನದನ್ನು ಹೇಳಬೇಕು. ಹೇಳದೆ ಇಷ್ಟು ವರ್ಷ ನೂಕಿದ್ದೇನೆ. ಆಷಾಢದ ಒಂದು ಹಗಲು ಚನ್ನಗಿರಿಯಿಂದ ತಂತಿ ಬಂತು: ಅವ್ವನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದೇವೆ, ಆಪರೇಷನ್, ಕೂಡಲೇ ಬಾ. ಶಾಲೆಯಿಂದ ಓಡಿಬಂದೆ. ಬಸ್ಸು ನಾಲ್ಕು ಗಂಟೆಗೆ, ಆಗಿನ್ನೂ ಹನ್ನೆರಡು. ಗೌರವ್ವ ಹೊಲಕ್ಕೆ ಹೋಗಿದ್ದರು. ಪಕ್ಕದಲ್ಲಿ ಗಿರಣಿ ದಡದಡ ಓಡುತ್ತಿತ್ತು. ಚೀಲಕ್ಕೆ ಎರಡು ಸೀರೆ ತುರುಕಿ ನಡುಕೋಣೆಗೆ ಬಂದೆ. ಪೆಟ್ಟಿಗೆ ಕಂಡಿತು. ಕೈ ಕೊರಳಿಗೆ ಹೋಯಿತು. ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೈ ಹೋಯಿತು, ಅಷ್ಟೇ. ಬೀಗ ತೆಗೆದು, ಬೆಳ್ಳಿಯ ಮುಖವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಅದರ ಕೆನ್ನೆಯ ಮೇಲೆ ಕೆನ್ನೆಯಿಟ್ಟು ಅವ್ವನ ಜೀವ ಬೇಡಿದೆ. ನನ್ನ ಅವ್ವನನ್ನು ಉಳಿಸು, ಇನ್ನೇನೂ ಕೇಳುವುದಿಲ್ಲ. ಎಷ್ಟು ಸಲ ಹೇಳಿದೆನೋ. ಇದ್ದಕ್ಕಿದ್ದಂತೆ ಗಿರಣಿಯ ಸದ್ದು ನಿಂತಿತು. ಕರೆಂಟು ಹೋಗಿತ್ತು. ತಲೆ ಎತ್ತಿದರೆ ಬಾಗಿಲಲ್ಲಿ ಕೊಟ್ರಪ್ಪನವರು, ಮೈಯೆಲ್ಲ ಹಿಟ್ಟು. ನೀರು ಕುಡಿಯಲು ಬಂದಿದ್ದರು.

ಬೈಯಬಹುದಿತ್ತು. ನೋಡಿದಿರಾ, ಯಾವ ಕಡೆಗೂ ಇಲ್ಲದವರು ಎಂದು ನಗಬಹುದಿತ್ತು. ಅದಕ್ಕಿಂತ ಒಳ್ಳೆಯ ಸಂದರ್ಭ ಅವರಿಗೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ತಂತಿ ನೋಡಿದರು. "ಅವ್ವಗೆ ಹೆಂಗೈತೆ?" ಎಂದರು. ಹೇಳಿದೆ. "ಮುಗಿಸ್ಕಳ್ರಿ ತಾಯಿ. ನಾನು ಜಗುಲಿ ಮ್ಯಾಲೆ ಕುಂತಿರ್ತೀನಿ" ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದರು. ಹೊರಗೆ ಯಾರೋ ಜೋಳ ಹೊತ್ತು ಬಂದ ದನಿ ಕೇಳಿತು. "ಕರೆಂಟಿಲ್ಲವ್ವ, ಸಂಜಿಕೆ ಬಾ" ಎಂದು ಕಳಿಸಿದರು. ಯೋಚಿಸಿ ನೋಡಿ: ಜೀವನವಿಡೀ ದೇವರಿಗೆ ಕೈ ಮುಗಿಯದ ಮನುಷ್ಯ, ಒಳಗೆ ಒಬ್ಬಳು ದೇವರನ್ನು ಬೇಡಿ ಮುಗಿಸಲಿ ಎಂದು ಹೊರಗೆ ಕಾವಲು ಕೂತಿದ್ದರು. ನನ್ನ ಬೇಡಿಕೆಯನ್ನು ಯಾರು ಕೇಳಿಸಿಕೊಂಡರೋ ಎಂದು ಯೋಚಿಸಲು ನನಗೆ ತ್ರಾಣವಿರಲಿಲ್ಲ. ಆದರೆ ಬಾಗಿಲಾಚೆ ಕೂತವರ ಬೆನ್ನು ಸಂದಿಯಿಂದ ಕಾಣುತ್ತಿತ್ತು, ಅದನ್ನು ನೋಡಿ ಧೈರ್ಯ ಬಂತು.

ಬಸ್ಸಿಗೆ ಅವರೇ ಚೀಲ ಹೊತ್ತು ತಂದರು. ಬಸ್ಸು ಬರುವ ಮುಂಚೆ ಹೇಳಿದರು: "ಬೇಡಾಕೆ ಇದ್ದಾಗ ಕೈ ಹೋಗೇ ಹೋಗ್ತದೆ ತಾಯಿ, ಅದು ಪಾಪ ಅಲ್ಲ. ಆದ್ರೆ ಬಂದ ಮ್ಯಾಲೆ ಕೀಲಿ ಊರಿಗೆ ಕೊಟ್ಟುಬಿಡ್ರಿ. ಯಾಕೆ ಅಂತ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು. ನನ್ನ ಕೇಳಿದ್ರೆ ಮಾತ್ರ ನಾನು ಸುಳ್ಳು ಹೇಳಾಕಿಲ್ಲ."

ಅವ್ವ ಬದುಕಿದಳು, ಆಮೇಲೆ ಏಳು ವರ್ಷ ಇದ್ದಳು. ಹಿಂದಿರುಗಿ ಬಂದು ಅವರಿಗೆ ಹೇಳಿದೆ. ದೇವರೋ ಡಾಕ್ಟರೋ ಎಂಬ ಮಾತನ್ನು ಅವರು ಎತ್ತಲಿಲ್ಲ. "ಒಳ್ಳೇದಾತು" ಎಂದು ಮುಖ ಅರಳಿಸಿದರು. ನಾನು ಕೀಲಿಯನ್ನು ಗೌಡ್ರಜ್ಜನ ಕೈಗೆ ಕೊಟ್ಟು, ಅವ್ವನಿಗೆ ಹುಷಾರಿಲ್ಲ, ಆಗಾಗ ಊರಿಗೆ ಹೋಗಬೇಕಾಗುತ್ತದೆ, ಜವಾಬ್ದಾರಿ ಬೇಡ ಎಂದೆ. ಕೊಟ್ರಪ್ಪನವರು ನಿಂತು ನಿಜ ಹೇಳಿದ ಜಗುಲಿಯ ಮೇಲೆಯೇ ನಿಂತು ಹಾಗೆಂದೆ. ಗೌಡ್ರಜ್ಜ ಕೀಲಿಯನ್ನು ಕೈಯಲ್ಲಿ ತಿರುಗಿಸಿ, "ಕೊಟ್ರಗೇ ಕೊಡ್ರಿ. ಕಡೆ ಇದ್ರೆ ಇರ್ಲಿ. ನನ್ನ ಕಡೆ ಇದು ಅಂತ ಬಾಯಿಬಿಟ್ಟು ಹೇಳಿದೋನು ಅವನೊಬ್ಬನೇ" ಎಂದರು. ಎರಡೂ ಕೇರಿಯವರು ಒಪ್ಪಿದರು. ಶೇಖರಪ್ಪನೇ ಕೀಲಿ ಹಿಡಿದು ಗಿರಣಿಗೆ ಹೋದ. ಮುಂದಿನ ವರ್ಷ ನನಗೆ ವರ್ಗವಾಯಿತು.

ನಮ್ಮ ಕಡೆ ನೆಂಟಸ್ತನ ಎಲ್ಲೆಲ್ಲೋ ಸುತ್ತಿ ಮನೆ ಬಾಗಿಲಿಗೇ ಬರುತ್ತದೆ. ಮೊಮ್ಮಗಳ ನಾಮಕರಣಕ್ಕೆ ಬಂದ ಬೀಗರ ಕಡೆಯ ಜನರಲ್ಲಿ ಶೇಖರಪ್ಪನವರೂ ಇದ್ದರು. ಈಗ ತಲೆ ಪೂರ್ತಿ ಬಿಳಿ, ಹೊನ್ನಾಳಿಯಲ್ಲಿ ವಕೀಲಿಕೆ ಮಾಡಿ ನಿವೃತ್ತರು. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೊಟ್ರಪ್ಪನವರ ಮಾತು ಬಂತು.

"ನೀವು ಕೀಲಿ ವಾಪಸ್ ಕೊಟ್ಟಾಗ ನಾನೇ ಗಿರಣಿಗೆ ಹೋಗಿದ್ದೆ, ನೆನಪೈತಾ ಮೇಡಂ?" ಎಂದರು. "ನನಗೆ ಅನುಮಾನ ಬಂದಿತ್ತು. ಟೀಚರಮ್ಮ ಯಾಕೆ ಕೊಟ್ರು ಅಂತ ಅವರನ್ನ ಕೇಳಿದೆ. ಗಿರಣಿ ಕಲ್ಲು ಸವೆದಿತ್ತು, ಕುಟ್ಟುತ್ತಾ ಕುಂತಿದ್ರು. ಅವರನ್ನೇ ಕೇಳ್ರಿ ಅಂದ್ರು. ಅಷ್ಟೇ. ಸಾಯೋ ಮಟ ಅಷ್ಟೇ."

ಸುಳ್ಳನ್ನೂ ಹೇಳಲಿಲ್ಲ, ನನ್ನನ್ನೂ ಬಿಟ್ಟುಕೊಡಲಿಲ್ಲ. "ಮತ್ತೆ ನೀವು ಕೇಳಲೇ ಇಲ್ಲವಲ್ಲ" ಎಂದೆ.

"ಧೈರ್ಯ ಆಗ್ಲಿಲ್ಲ. ಈಗ ಕೇಳ್ಲಾ?"

ಹೇಳಿದೆ. ತಂತಿ, ಬೀಗ, ಕೆನ್ನೆಗೆ ತಣ್ಣಗೆ ತಾಗಿದ ಬೆಳ್ಳಿ, ಎಲ್ಲ ಹೇಳಿದೆ. ಶೇಖರಪ್ಪನವರು ಎಲೆ ಮಡಿಸುವುದನ್ನು ನಿಲ್ಲಿಸಿ ಕೇಳಿದರು.

"ಅವತ್ತು ಕೀಲಿ ಕಂಬಳಿ ಮ್ಯಾಲೆ ಬಿದ್ದಿತ್ತಲ್ಲ" ಎಂದರು. "ಕೇಳಿದೋನು ನಾನು, ಎತ್ತಿಕೊಳ್ಳಬೇಕಾಗಿದ್ದೋನೂ ನಾನೇ. ನಮ್ಮಪ್ಪಗೆ ಆಗ ಲಕ್ವ ಹೊಡೆದಿತ್ತು. ಪೆಟ್ಟಿಗೆ ಮನೆಗೆ ಒಯ್ದಿದ್ರೆ ಅವತ್ತೇ ತೆಗೆದು ಬೇಡ್ಕಂತಿದ್ದೆ ಮೇಡಂ. ಅದು ನನಗೆ ಗೊತ್ತಿತ್ತು. ಅದಕ್ಕೇ ಕೈ ಬರ್ಲಿಲ್ಲ."

ಪಡಸಾಲೆಯ ಬಾಗಿಲಲ್ಲಿ ಸೊಸೆ ಮಗುವನ್ನೆತ್ತಿಕೊಂಡು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಅವಳ ಮುಖ ನೋಡಿದರೆ ಎಲ್ಲ ಕೇಳಿಸಿಕೊಂಡಿದ್ದು ತಿಳಿಯುತ್ತಿತ್ತು. ನನ್ನನ್ನು ನೋಡಿ, ಶೇಖರಪ್ಪನವರನ್ನು ನೋಡಿ, ನೆಂಟರ ಎದುರು ಏನೂ ಆಡಬಾರದೆಂದೋ ಏನೋ ಒಳಗೆ ತಿರುಗಿದಳು. ಅವಳನ್ನು ಕರೆದು ಹತ್ತಿರ ಕೂರಿಸಿಕೊಂಡು, ಏನು ಕೇಳಬೇಕೋ ನನ್ನನ್ನೇ ಕೇಳು ಎಂದೆ.